ಎಡ ಅಂಚಿನ ಕಪ್ಪು ಚುಕ್ಕೆ

“ಗುರುಗಳೇ, ಇಷ್ಟು ವರ್ಷ ಕರೆದರೂ ದೇವರು ಒಮ್ಮೆಯಾದರೂ ನನ್ನ ಹತ್ತಿರ ಯಾಕೆ ಬರಲಿಲ್ಲ?” ಎಂದು ಮಡಿವಾಳಯ್ಯ ಕೇಳಿದ.

ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಗುರುಗಳು ಮಠದ ಕಟ್ಟೆಯ ಮೇಲೆ ಕೂತು ವಿಭೂತಿಯ ಗಟ್ಟಿಗಳನ್ನು ಬಿಸಿಲಿಗೆ ಇಡುತ್ತಿದ್ದರು. ಮಡಿವಾಳಯ್ಯ ಆ ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಬಂದ ಮೊದಲ ದಿನವೇ, “ನಾನು ಜಪಕ್ಕೆ ಕೂತಾಗ ಯಾರೂ ಮಾತಾಡಿಸಬಾರದು, ಯಾರೂ ಒಳಗೆ ಬರಬಾರದು,” ಎಂದು ಕೇಳಿಕೊಂಡಿದ್ದ. ಗುರುಗಳು ಒಪ್ಪಿದ್ದರು. ಅಂದಿನಿಂದ ಅವನು ಗಾಳಿಗೆಂದು ಕೋಣೆಯ ಬಾಗಿಲು ತೆರೆದಿಟ್ಟು, ಬಾಗಿಲಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಯಾರೂ ಮಾತಾಡಿಸಲಿಲ್ಲ. ಯಾರೂ ಒಳಗೆ ಬರಲಿಲ್ಲ.

“ಜಪ ತಪ್ಪಿಸಿಲ್ಲ,” ಎಂದ ಮಡಿವಾಳಯ್ಯ. “ಆದರೆ ಒಬ್ಬನೇ ಇದ್ದೇನೆ ಅನಿಸುತ್ತದೆ. ಈಚೆಗೆ ಬಹಳ ಅನಿಸುತ್ತದೆ. ನನ್ನ ಕಡೆ ನೋಡುವವರು ಯಾರೂ ಇಲ್ಲ ಅನ್ನುವುದು ಖಚಿತವಾದರೆ ಹೊರಟು ಹೋಗುತ್ತೇನೆ. ಗಂಟು ಕಟ್ಟಿಟ್ಟಿದ್ದೇನೆ.”

ಗುರುಗಳು ಕೈಯ ವಿಭೂತಿ ಕೊಡವಿಕೊಂಡರು. “ಗಂಟು ಅಲ್ಲೇ ಇರಲಿ. ಕೂತುಕೋ. ಒಬ್ಬ ಚಿತ್ರಗಾರನ ಕತೆ ಹೇಳುತ್ತೇನೆ.”

ಮಡಿವಾಳಯ್ಯ ಕೂತ. ಗುರುಗಳು ಹೇಳಿದರು.

ಒಬ್ಬ ಚಿತ್ರಗಾರನಿದ್ದ. ಕುಂಚದ ಚಿತ್ರಗಾರನಲ್ಲ, ಕ್ಯಾಮೆರಾದವನು. ಮದುವೆ ಮುಂಜಿಯ ಫೋಟೋ ತೆಗೆದು ಬದುಕುತ್ತಿದ್ದ. ಊರಿನ ಒಂದು ಬಾಡಿಗೆ ಕೋಣೆಯಲ್ಲಿ ಇದ್ದ. ಹಿಂದಿಲ್ಲ, ಮುಂದಿಲ್ಲ. ಬೇರೆಯವರ ಮನೆಯ ಬಳಗವನ್ನೆಲ್ಲ ಸಾಲಾಗಿ ನಿಲ್ಲಿಸಿ, ನಗಿಸಿ, ಫೋಟೋ ಹೊಡೆದು, ತನ್ನ ಕೋಣೆಗೆ ಬಂದು ಬೀಗ ತೆಗೆಯುತ್ತಿದ್ದ.

ಅವನಿಗೆ ಒಬ್ಬ ವರ್ತಕ ಒಂದು ಕೆಲಸ ಹೇಳಿದ. ನದಿಗೆ ಅಣೆಕಟ್ಟು ಕಟ್ಟಿದ್ದರಿಂದ ಪ್ರತಿ ಮಳೆಗಾಲ ಹಿನ್ನೀರು ಏರುತ್ತಿತ್ತು. ಹಿನ್ನೀರಿನ ನಡುವೆ ಒಂದು ಹಳೆಯ ಕಲ್ಲುಮಂಟಪ ಇತ್ತು. ನೀರು ದಿನಕ್ಕೆ ಇಷ್ಟಿಷ್ಟೇ ಏರಿ, ನಲವತ್ತು ದಿನದಲ್ಲಿ ಆ ಮಂಟಪವನ್ನು ಪೂರ್ತಿ ನುಂಗುತ್ತಿತ್ತು. ವರ್ತಕ ಹೆದ್ದಾರಿಯ ಪಕ್ಕದಲ್ಲಿ ಒಂದು ಖಾನಾವಳಿ ಕಟ್ಟಿಸುತ್ತಿದ್ದ. ಅದರ ದೊಡ್ಡ ಪರದೆಯ ಮೇಲೆ ಮಂಟಪ ಮುಳುಗುವುದನ್ನು ಜನ ಊಟ ಮಾಡುತ್ತಾ ನೋಡಬೇಕು ಎಂಬುದು ಅವನ ಆಸೆ.

ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಆಗುವುದನ್ನು ಬೇಗ ಆಗುವಂತೆ ತೋರಿಸುವ ಒಂದು ಬಗೆ ಇದೆ. ಕ್ಯಾಮೆರಾವನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಇಂತಿಷ್ಟು ಹೊತ್ತಿಗೆ ಒಂದರಂತೆ ಫೋಟೋ ತೆಗೆಯುತ್ತಾ ಹೋಗಬೇಕು. ಆಮೇಲೆ ಅವನ್ನೆಲ್ಲ ಒಂದರ ಹಿಂದೆ ಒಂದು ಜೋಡಿಸಿ ಓಡಿಸಬೇಕು. ಅದನ್ನು ಟೈಮ್‌ಲ್ಯಾಪ್ಸ್ ಅನ್ನುತ್ತಾರೆ.

“ಇದೆಲ್ಲ ತಮಗೆ ಹೇಗೆ ಗೊತ್ತು?” ಎಂದು ಮಡಿವಾಳಯ್ಯ ಬೆರಗಿನಿಂದ ಕೇಳಿದ.

“ಆ ಚಿತ್ರಗಾರ ಒಂದು ಸಲ ಇದೇ ಕಟ್ಟೆಯ ಮೇಲೆ ಕೂತು ಹೇಳಿ ಹೋಗಿದ್ದಾನೆ. ಅವನು ಎರಡು ಸಲ ಹೇಳಿದ ಮೇಲೆ ನನಗೆ ಅರ್ಥವಾಯಿತು. ನಿನಗೆ ಒಂದೇ ಸಲ ಹೇಳುತ್ತಿದ್ದೇನೆ, ಕೇಳು.”

ಗುರುಗಳು ಮುಂದುವರಿಸಿದರು.

ಚಿತ್ರಗಾರ ದಿಬ್ಬದ ಮೇಲಿನ ಒಂದು ಹಾಸುಬಂಡೆ ಆರಿಸಿಕೊಂಡ. ಬಂಡೆಗೆ ಮೂರು ಕಬ್ಬಿಣದ ಮೊಳೆ ಹೊಡೆದು, ಕ್ಯಾಮೆರಾದ ಮೂರು ಕಾಲು ದಿನವೂ ಅದೇ ಜಾಗಕ್ಕೆ ಬಂದು ಕೂರುವಂತೆ ಮಾಡಿದ. ಎರಡು ನಿಮಿಷಕ್ಕೆ ಒಂದು ಫೋಟೋ ಎಂದು ಕ್ಯಾಮೆರಾಕ್ಕೆ ಹೇಳಿದ. ಬೆಳಗಾದರೆ ಬೈಕಿನಲ್ಲಿ ಬರುವುದು, ಸಂಜೆಯಾದರೆ ಹೋಗುವುದು. ನಡುವೆ ಕೆಲಸವೇನೂ ಇಲ್ಲ. ಕ್ಯಾಮೆರಾ ಮುಟ್ಟುವ ಹಾಗಿಲ್ಲ. ಬಿಟ್ಟು ಹೋಗುವ ಹಾಗೂ ಇಲ್ಲ.

ಮೊದಲ ದಿನ ಕಂಬಳಿ ಹೊದ್ದ ಒಬ್ಬ ಮುದಿ ಕುರುಬ ದಿಬ್ಬ ಹತ್ತಿ ಅವನ ಕಡೆ ಬಂದ. ಕುರಿ ಮೇಯಿಸಿ ಮುದುಕನಾದವನು. ಆಗ ಅವನ ಬಳಿ ಕುರಿ ಇರಲಿಲ್ಲ. ಕೈಯಲ್ಲಿ ಕೋಲು ಮಾತ್ರ ಇತ್ತು.

ಚಿತ್ರಗಾರ ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ ಒಂದು ಕೈ ಅಡ್ಡ ಚಾಚಿದ. “ಏ ಯಜಮಾನ, ಅಲ್ಲೇ ನಿಲ್ಲು. ಹತ್ತಿರ ಬರಬೇಡ. ನೆಲ ಅದುರಿದರೆ ಚಿತ್ರ ಕೆಡುತ್ತದೆ.”

“ನಡದ್ರ ಕೆಡತದೇನಪಾ?” ಎಂದ ಕುರುಬ.

“ಕೆಡುತ್ತದೆ. ಮುಂದೆ ಅಡ್ಡ ಬರಬಾರದು, ಹತ್ತಿರ ಸುಳಿಯಬಾರದು.”

“ಹಂಗಾದ್ರ ಎಲ್ಲಿ ಕುಂದರ್ಲಿ?”

ಚಿತ್ರಗಾರ ತಿರುಗಿ ನೋಡದೆ, ಚಾಚಿದ ಕೈಯನ್ನೇ ಎಡಕ್ಕೆ ಬೀಸಿ, ದೂರದ ಒಂದು ಜಾಲಿಮರ ತೋರಿಸಿದ. “ಅಲ್ಲಿ.”

ಕುರುಬ ಹೋದ. ಚಿತ್ರಗಾರ ಅವನನ್ನು ಅಲ್ಲಿಗೇ ಮರೆತ.

ನಲವತ್ತು ದಿನ ಹೀಗೆ ನಡೆಯಿತು. ಪಡುವಣ ಗಾಳಿ ಮಳೆಯನ್ನು ಎಡಗಡೆಯಿಂದ ಎರಚುತ್ತಿತ್ತು. ಚಿತ್ರಗಾರ ಕ್ಯಾಮೆರಾದ ಎಡಕ್ಕೆ ಒಂದು ದೊಡ್ಡ ಕೊಡೆಯನ್ನು ವಾಲಿಸಿ ಕಟ್ಟಿ, ಅದರ ಮರೆಯಲ್ಲಿ ಕೂರುತ್ತಿದ್ದ. ಬೆನ್ನ ಹಿಂದೆ ಒಂದು ಗುಂಡುಕಲ್ಲು ಇತ್ತು. ಆನೆಯಷ್ಟು ದೊಡ್ಡ ಗುಂಡು. ಎದುರಿಗೆ ನೀರು, ಮಂಟಪ. ಬೇರೆ ಏನೂ ಇಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆಯಲ್ಲ, ಹೊಲದಲ್ಲಿ ಬುತ್ತಿ ಬಿಚ್ಚಿದರೆ ಕಣ್ಣಳತೆಯಲ್ಲಿ ಯಾರಿದ್ದರೂ ಊಟಕ್ಕೆ ಬನ್ನಿ ಎಂದು ಕರೆದೇ ಮೊದಲ ತುತ್ತು ಎತ್ತಬೇಕು. ಗುರುತಿನವರಾಗಲಿ, ದಾರಿಹೋಕರಾಗಲಿ. ಮಾತು ಕೇಳಿಸದಷ್ಟು ದೂರದಲ್ಲಿದ್ದರೆ ಕೈ ಎತ್ತಿ ಕರೆಯಬೇಕು. ಬಂದರೆ ಹಂಚಿ ಉಣ್ಣುವುದು. ಬರದಿದ್ದರೆ ಅವರೂ ಕೈ ಎತ್ತುತ್ತಾರೆ. ಆಮೇಲೆ ಉಣ್ಣುವುದು.

ಚಿತ್ರಗಾರ ಮೊದಲ ದಿನ ಬುತ್ತಿ ಬಿಚ್ಚಿ, ಎದುರಿನ ನೀರನ್ನು ನೋಡಿದ. ಕರೆಯಲು ಯಾರೂ ಇರಲಿಲ್ಲ. “ಬರ್ರಿ ಊಟಕ್ಕ,” ಎಂದು ಕ್ಯಾಮೆರಾವನ್ನೇ ಕರೆದು ತನ್ನಷ್ಟಕ್ಕೆ ನಕ್ಕ. ಎರಡನೆಯ ದಿನವೂ ಹಾಗೆಯೇ ಕರೆದ. ನಗು ಬರಲಿಲ್ಲ. ಒಂದು ವಾರ ಕಳೆದ ಮೇಲೆ ಕರೆಯುವುದನ್ನು ಬಿಟ್ಟ. ರೊಟ್ಟಿ ಮುರಿದು, ತಲೆ ತಗ್ಗಿಸಿ, ಉಂಡು ಮುಗಿಸುತ್ತಿದ್ದ.

ಲೋಕದಲ್ಲಿ ತನ್ನಷ್ಟು ಒಂಟಿ ಮತ್ತೊಬ್ಬನಿಲ್ಲ ಎಂದು ಆ ನಲವತ್ತು ದಿನದಲ್ಲಿ ಅವನಿಗೆ ಮನವರಿಕೆಯಾಯಿತು. ನಲವತ್ತನೆಯ ದಿನ ಮಂಟಪ ಮುಳುಗಿತು. ಮೊಳೆ ಕಿತ್ತುಕೊಂಡು ಊರಿಗೆ ಹೋದ.

ಚಿತ್ರಗಳನ್ನು ಜೋಡಿಸಿ ವರ್ತಕನಿಗೆ ತೋರಿಸಿದ. ವರ್ತಕ ಬಾಯಲ್ಲಿ ಅಡಿಕೆ ಇಟ್ಟುಕೊಂಡು ಹತ್ತು ನಿಮಿಷ ನೋಡಿದ.

“ಅಲ್ರೀ,” ಎಂದ. “ಮೋಡ ಓಡ್ತದ, ನೀರು ಏರ್ತದ, ಎಲ್ಲಾ ಛಲೋ ಅದ. ಆದರ ನಿಮ್ಮ ಕ್ಯಾಮೆರಾ ಎಮ್ಮಿ ಕಟ್ಟೋ ಗೂಟ ಹುಗದಂಗ ಹುಗದು ಕುಂತದಲ್ರೀ. ಜನ ಎರಡು ತುತ್ತು ತಿನ್ನೂದ್ರಾಗ ಬೇಜಾರಾಗ್ತಾರ. ಅದಕ್ಕ ಸ್ವಲ್ಪ ನಡಿಯೂದು ಕಲಸ್ರಿ.”

“ಅದು ಮೂರು ಮೊಳೆಯ ಮೇಲೆ ನಿಂತಿತ್ತು. ಈಗ ಹೇಗೆ ನಡೆಸಲಿ?”

“ಕಂಪ್ಯೂಟರಿನ್ಯಾಗ ಸತ್ತವರನ್ನೂ ನಡಸ್ತಾರಂತ. ನಿಮಗ ಒಂದು ಕ್ಯಾಮೆರಾ ನಡಸಾಕ ಆಗೂದಿಲ್ಲೇನು?”

ಆ ಮಾತು ನಿಜವೇ. ನಿಂತ ಕ್ಯಾಮೆರಾವನ್ನು ನಡೆಸುವ ಉಪಾಯ ಎಡಿಟಿಂಗ್ ಮಾಡುವ ಸಾಫ್ಟ್‌ವೇರಿನಲ್ಲಿ ಇದೆ. ಚಿತ್ರಗಾರ ತನ್ನ ಕೋಣೆಯಲ್ಲಿ ಕೂತು ಅದನ್ನು ಕಲಿತ.

ಅವನು ತೆಗೆದ ಫೋಟೋ ದೊಡ್ಡದು. ಪರದೆಗೆ ಬೇಕಾದದ್ದು ಸಣ್ಣದು. ಹಾಗಾಗಿ ದೊಡ್ಡ ಚಿತ್ರದ ಮೇಲೆ ಒಂದು ಸಣ್ಣ ಕಿಟಕಿ ಇಟ್ಟ ಹಾಗೆ. ಕಿಟಕಿಯೊಳಗೆ ಕಾಣುವುದಷ್ಟೇ ನೋಡುವವರಿಗೆ ಕಾಣುತ್ತದೆ. ಮೊದಲ ಚಿತ್ರದಲ್ಲಿ ಕಿಟಕಿ ಎಲ್ಲಿರಬೇಕು ಎಂದು ಒಂದು ಗುರುತು ಹಾಕಬೇಕು. ಕೊನೆಯ ಚಿತ್ರದಲ್ಲಿ ಎಲ್ಲಿರಬೇಕು ಎಂದು ಇನ್ನೊಂದು ಗುರುತು. ನಡುವಿನ ದಾರಿಯನ್ನು ಯಂತ್ರವೇ ತುಂಬಿಕೊಡುತ್ತದೆ. ಕಿಟಕಿ ಸರಿಯುತ್ತದೆ, ನೋಡುವವನಿಗೆ ಕ್ಯಾಮೆರಾವೇ ನಡೆದಂತೆ ಅನಿಸುತ್ತದೆ.

ಮೊದಲ ಸಲ ಮಾಡಿದಾಗ ಚಿತ್ರ ಜಗ್ಗಿದಂತೆ ಹೊರಟು ಜಗ್ಗಿದಂತೆ ನಿಂತಿತು. ಹೊಸ ಎತ್ತು ಹೂಡಿದ ಗಾಡಿಯ ಹಾಗೆ. ಆಮೇಲೆ ಅವನಿಗೆ ತಿಳಿಯಿತು: ಹೊರಡುವಾಗ ಮೆಲ್ಲಗೆ ಹೊರಡಬೇಕು, ನಿಲ್ಲುವಾಗ ಮೆಲ್ಲಗೆ ನಿಲ್ಲಬೇಕು. ಅದಕ್ಕೂ ಅಲ್ಲಿ ಒಂದು ಗುಂಡಿ ಇತ್ತು. ಒತ್ತಿದ. ಕಿಟಕಿ ಹಾಲಿನ ಮೇಲೆ ಕೆನೆ ಸರಿದ ಹಾಗೆ ಸರಿಯಿತು.

ಬಲಗಡೆಯಿಂದ ಹೊರಟು, ಮಂಟಪವನ್ನು ದಾಟಿ, ಎಡಗಡೆಗೆ ಬಂದು ನಿಲ್ಲುವಂತೆ ಮಾಡಿದ. ಎಡ ಅಂಚಿಗೆ ಬಂದಾಗ ಒಂದು ಕಪ್ಪು ಚುಕ್ಕೆ ಕಂಡಿತು.

ಧೂಳು ಎಂದುಕೊಂಡ. ಧೋತರದ ಚುಂಗಿನಿಂದ ಕಂಪ್ಯೂಟರಿನ ಪರದೆ ಒರೆಸಿದ. ಹೋಗಲಿಲ್ಲ. ಕ್ಯಾಮೆರಾದ ಗಾಜಿಗೆ ಹತ್ತಿದ ಧೂಳಿರಬೇಕು ಎಂದುಕೊಂಡ. ವರ್ತಕನಿಗೂ ತೋರಿಸಿದ. ವರ್ತಕ ನಡಿಗೆಯನ್ನು ಮೆಚ್ಚಿಕೊಂಡ. “ಆ ಕರೀ ಚುಕ್ಕಿ ಒಂದು ಅಳಿಸಿಬಿಡ್ರಿ. ಹಿಟ್ಟಿನ್ಯಾಗ ಹುಳ ಬಿದ್ದಂಗ ಕಾಣ್ತದ,” ಎಂದ.

ಅಳಿಸುವುದು ಕಷ್ಟವಲ್ಲ. ಸುತ್ತಲಿನ ಹುಲ್ಲಿನ ಬಣ್ಣವನ್ನೇ ತಂದು ಚುಕ್ಕೆಯ ಮೇಲೆ ಹೊದಿಸಿದರೆ ಮುಗಿಯಿತು. ಚಿತ್ರಗಾರ ಅದಕ್ಕೆ ಕೂತ. ಆದರೆ ಧೂಳು ಒಂದೇ ಜಾಗದಲ್ಲಿ ಇರಬೇಕಲ್ಲ? ಈ ಚುಕ್ಕೆ ಮೊದಲು ಜಾಲಿಮರದ ಬುಡದಲ್ಲಿತ್ತು. ನೀರು ಏರಿದ ಹಾಗೆ ಅದೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಸರಿದಿತ್ತು. ದಿನಕ್ಕೊಮ್ಮೆ ಅದರಲ್ಲಿ ಏನೋ ಮಿಡುಕಿದಂತೆ ಆಗುತ್ತಿತ್ತು.

ಕಿಟಕಿಯನ್ನು ಎಷ್ಟು ಸಣ್ಣದು ಮಾಡಬಹುದೋ ಅಷ್ಟು ಸಣ್ಣದು ಮಾಡಿ ಚುಕ್ಕೆಯ ಮೇಲೆ ಇಟ್ಟ.

ಮನುಷ್ಯ.

ಕಂಬಳಿ ಹೊದ್ದು, ಮೊಣಕಾಲು ಮಡಚಿ, ಕ್ಯಾಮೆರಾದ ಕಡೆಗೇ ಮುಖ ಮಾಡಿ ಕೂತ ಮನುಷ್ಯ. ಮೊದಲ ದಿನ ಇದ್ದ. ಎರಡನೆಯ ದಿನ ಇದ್ದ. ಮಳೆ ಹೊಡೆದ ದಿನ ಕಂಬಳಿಯ ಕೊಪ್ಪೆ ಹಾಕಿಕೊಂಡು ಇದ್ದ.

ಚಿತ್ರಗಾರ ದಿನಕ್ಕೊಮ್ಮೆ ಮಿಡುಕಿದ ಜಾಗವನ್ನು ಹುಡುಕಿ ಚಿತ್ರವನ್ನು ನಿಲ್ಲಿಸಿದ. ಪ್ರತಿ ದಿನವೂ ನಡುಹಗಲಿನ ಚಿತ್ರ. ಆ ಚಿತ್ರದಲ್ಲಿ ಮನುಷ್ಯನ ಒಂದು ಕೈ ಮೇಲಕ್ಕೆ ಎತ್ತಿತ್ತು. ಮಡಿಲಲ್ಲಿ ಬಿಳಿ ಬಟ್ಟೆ ಬಿಚ್ಚಿ ಹಾಸಿತ್ತು. ಕೆಲವು ದಿನ ಒಂದು ಚಿತ್ರದಲ್ಲಿ ಕೈ ಎತ್ತಿತ್ತು. ಕೆಲವು ದಿನ ಒಂದರ ಹಿಂದೆ ಒಂದು, ಎರಡು ಚಿತ್ರದಲ್ಲಿ.

ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎರಡು ನಿಮಿಷ. ಎರಡರಲ್ಲೂ ಕೈ ಎತ್ತಿದೆ ಎಂದರೆ ಆ ಮನುಷ್ಯ ಎಷ್ಟು ಹೊತ್ತು ಕೈ ಎತ್ತಿಕೊಂಡೇ ಇದ್ದ ಎಂಬುದನ್ನು ಚಿತ್ರಗಾರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಕಿಟಕಿಯನ್ನು ಚುಕ್ಕೆಯ ಜೊತೆಯೇ ನಡೆಸಿದ. ನೀರು ಏರಿತು, ಮನುಷ್ಯ ಸರಿದ, ಕಿಟಕಿ ಸರಿಯಿತು. ಮೂವತ್ತಾರನೆಯ ದಿನ ಮನುಷ್ಯ ಚಿತ್ರದ ಎಡ ಅಂಚಿಗೆ ಬಂದ. ಅರ್ಧ ಕಂಬಳಿ ಕಂಡಿತು. ಆಮೇಲೆ ಏನೂ ಇಲ್ಲ. ಚಿತ್ರಗಾರ ಕಿಟಕಿಯನ್ನು ಇನ್ನೂ ಎಡಕ್ಕೆ ನೂಕಿದ. ಅಲ್ಲಿ ಚಿತ್ರವೇ ಮುಗಿದಿತ್ತು. ಪರದೆ ಕಪ್ಪಾಯಿತು.

ಇಷ್ಟು ಹೇಳಿ ಗುರುಗಳು ನೆರಳು ಬಂದ ವಿಭೂತಿಯ ಗಟ್ಟಿಗಳನ್ನು ಎತ್ತಿ ಬಿಸಿಲಿರುವ ಕಡೆಗೆ ಸರಿಸಿದರು.

“ನಾಲ್ಕು ದಿನ ಉಳಿದಿತ್ತಲ್ಲ,” ಎಂದ ಮಡಿವಾಳಯ್ಯ. “ಬೇಸತ್ತು ಹೋದನೇ?”

“ಚಿತ್ರಗಾರನಿಗೂ ಅದೇ ಕೇಳಬೇಕಾಗಿತ್ತು,” ಎಂದರು ಗುರುಗಳು.

ಮರುದಿನ ಬೆಳಿಗ್ಗೆ ಅವನು ಚುಕ್ಕೆಯ ಚಿತ್ರವನ್ನು ದೊಡ್ಡದು ಮಾಡಿ, ಕಾಗದದ ಮೇಲೆ ತೆಗೆದುಕೊಂಡು, ದಿಬ್ಬದ ಆಚೆಯ ಊರಿಗೆ ಹೋದ. ಆಗಲೇ ದೀಪಾವಳಿ ಕಳೆದಿತ್ತು. ಊರಿನ ಮೊದಲ ಮನೆಯ ಮುಂದೆ ಒಬ್ಬ ಹೆಂಗಸು ಕುಳ್ಳು ತಟ್ಟುತ್ತಿದ್ದಳು. ಅವಳಿಗೆ ಕಾಗದ ತೋರಿಸಿದ.

ಅವಳು ಸೆಗಣಿಯ ಕೈ ದೂರ ಹಿಡಿದು, ಕತ್ತು ಮುಂದೆ ಚಾಚಿ ನೋಡಿದಳು. ಆಮೇಲೆ ಚಿತ್ರಗಾರನನ್ನು ನೋಡಿದಳು.

“ದಿಬ್ಬದ ಮ್ಯಾಲ ಕೊಡಿ ಕಟಗೊಂಡು ಕುಂದರತಿದ್ದಾಂವ ನೀನೇ ಏನು?”

“ನಾನೇ, ತಾಯಿ.”

“ಈಗ ಬಂದೀ? ಅಂವ ನಮ್ಮ ಓಣಿಯಾಂವ. ಕುರಿ ಮಾರಿದ ಮ್ಯಾಲ ಕೆಲಸಿಲ್ಲ, ಮಾತಾಡಾಕ ಮಂದಿ ಇಲ್ಲ. ಆ ದಿಬ್ಬದ ಮ್ಯಾಲ ಒಬ್ಬ ಒಂಟಿ ಮನಶ್ಯಾ ಕುಂತಾನ, ನಮ್ಮ ಸೀಮ್ಯಾಗ ಬಂದಾಂವನ್ನ ಒಬ್ಬನ್ನ ಹ್ಯಾಂಗ ಕುಂದ್ರಿಸೂದು ಅಂತ ದಿನಾ ರೊಟ್ಟಿ ಕಟಗೊಂಡು ಬರತಿದ್ದ. ಕೈ ಎತ್ತಿ ಊಟಕ್ಕ ಕರೀತಿದ್ದ. ನೀ ಒಂದಿನಾ ಕೈ ಎತ್ತಲಿಲ್ಲಂತ.”

“ಕೂಗಬಹುದಾಗಿತ್ತಲ್ಲ?” ಎಂದ ಚಿತ್ರಗಾರ.

“ನಾನೂ ಅದನ್ನ ಅಂದೆ. ‘ಕೂಗಿದ್ರ ಅವನ ಯಂತ್ರ ಅದರತದ, ಪಾಪ, ಅಂವನ ಕೆಲಸ ಕೆಡತದ’ ಅಂದ. ನಡದ್ರನ ಅದರತದ ಅಂತ ನೀನೇ ಹೇಳೀಯಂತಲ್ಲ.”

ಚಿತ್ರಗಾರ ಕಾಗದ ಮಡಚಿಕೊಂಡು, “ಕೊನೆಯ ನಾಲ್ಕು ದಿನ ಯಾಕೆ ಬರಲಿಲ್ಲ?” ಎಂದು ಕೇಳಿದ.

ಹೆಂಗಸು ಕುಳ್ಳನ್ನು ಗೋಡೆಗೆ ಬಡಿದಳು. “ಬರಲಿಲ್ಲ ಅಂದವರ್ಯಾರು? ಜಾಲೀ ಗಿಡಕ್ಕ ನೀರು ಬಂತು. ನೀರು ನೂಕಿದಂಗ ಮ್ಯಾಲ ಮ್ಯಾಲ ಬಂದ. ಮುಂದ ಅಡ್ಡ ಬರಬ್ಯಾಡ ಅಂದಿದ್ದಿ, ಅದಕ್ಕ ಸುತ್ತ ಹಾಕಿ ನಿನ್ನ ಹಿಂದ ಬಂದು, ಆ ಗುಂಡಿನ ಮಗ್ಗಲಕ್ಕ ಕುಂತ. ಹತ್ತು ಮಾರು ದೂರ ಇಲ್ಲ. ನಾಕು ದಿನ ನಿನ್ನ ಬೆನ್ನಿಗೇ ಕೈ ಎತ್ತ್ಯಾನಪಾ. ನೀ ಕ್ಯಾಮೆರಾದ ಕಾಲು ಮಡಚಾಕ ಹತ್ತಿದ ಮ್ಯಾಲ ಎದ್ದು ಬರತಿದ್ದ. ‘ಅಂವಗ ಮನಿ ಐತಿ, ಹೊಂಟ’ ಅಂತಿದ್ದ.”

“ಈಗ ಎಲ್ಲಿದ್ದಾನೆ?”

“ನೀ ಹ್ವಾದ ಮ್ಯಾಲ ನಾಕೈದು ದಿನ ಖಾಲಿ ದಿಬ್ಬಕ್ಕ ಹೋಗಿ ಬಂದ. ಆಮ್ಯಾಲ ಕುರಿ ಮಂದಿ ತೆಂಕಲ ಸೀಮಿಗೆ ಹೊಂಟ್ರಲ್ಲ, ಅವರ ಬೆನ್ನು ಹತ್ತಿ ಹ್ವಾದ. ಯಾವ ಅಡವ್ಯಾಗ ಅದಾನೋ. ಆ ವಯಸ್ಸಿನ್ಯಾಗ ತಿರುಗಿ ಬರ್ತಾನೋ ಇಲ್ಲೋ.” ಅವಳು ಸೆರಗಿನಿಂದ ಹಣೆ ಒರೆಸಿಕೊಂಡಳು. “ನಿನಗ ಜೋಡಿ ಅಂತ ಅಂವ ಕುಂತ. ಅಂವಗ ಜೋಡಿ ಯಾರಿದ್ರು?”

ಚಿತ್ರಗಾರ ಊರಿಗೆ ಹಿಂದಿರುಗಿದ.

ಅವನು ವರ್ತಕನಿಗೆ ಚುಕ್ಕೆ ಇದ್ದ ಹಾಗೆಯೇ ಚಿತ್ರ ಕೊಡುತ್ತೇನೆ ಎಂದ. ವರ್ತಕ ಬೇಡ ಎಂದ. ಚಿತ್ರ ಅವನ ಕೋಣೆಯಲ್ಲೇ ಉಳಿಯಿತು. ಅದರ ಮೇಲೆ ಅವನು ಬಗೆಬಗೆಯ ನಡಿಗೆ ಮಾಡಿ ನೋಡಿದ. ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ. ದೂರದಿಂದ ಹತ್ತಿರಕ್ಕೆ ತಂದ, ಹತ್ತಿರದಿಂದ ದೂರಕ್ಕೆ ಒಯ್ದ. ಎಲ್ಲವೂ ಮೆಲ್ಲಗೆ ಹೊರಟು ಮೆಲ್ಲಗೆ ನಿಂತವು. ಎಲ್ಲವೂ ಆದವು. ಒಂದು ಮಾತ್ರ ಆಗಲಿಲ್ಲ. ಆ ನಾಲ್ಕು ದಿನದಲ್ಲಿ ಒಮ್ಮೆ ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸುವ ನಡಿಗೆ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಅದನ್ನು ದಿಬ್ಬದ ಮೇಲೆ ಕೂತಾಗಲೇ ಮಾಡಬೇಕಾಗಿತ್ತು. ಅದಕ್ಕೆ ಯಂತ್ರವೂ ಬೇಕಾಗಿರಲಿಲ್ಲ, ಕತ್ತು ಸಾಕಾಗಿತ್ತು.

ಒಂದು ದಿನ ಅವನು ಮತ್ತೆ ದಿಬ್ಬಕ್ಕೆ ಹೋದ. ಕ್ಯಾಮೆರಾ ಒಯ್ಯಲಿಲ್ಲ. ಹಿನ್ನೀರು ಇಳಿಯತೊಡಗಿತ್ತು. ಮಂಟಪದ ತುದಿ ಕಾಣುತ್ತಿತ್ತು. ಗುಂಡಿನ ಪಕ್ಕ ಹುಲ್ಲು ಬೆಳೆದು, ಯಾರೋ ಕೂತಿದ್ದರು ಎಂಬ ಗುರುತೂ ಉಳಿದಿರಲಿಲ್ಲ. ಆ ಜಾಗದಲ್ಲಿ ಅವನು ಕೂತ. ಅಲ್ಲಿಂದ ತಾನು ಕೂರುತ್ತಿದ್ದ ಬಂಡೆ ಚೆನ್ನಾಗಿ ಕಂಡಿತು. ಮೊಳೆ ಕಿತ್ತ ಮೂರು ತೂತು ಕೂಡ ಕಂಡವು.

ನಡುಹಗಲಾಯಿತು. ಬುತ್ತಿ ಬಿಚ್ಚಿದ. ಕೈ ಎತ್ತಿದ. ಖಾಲಿ ಬಂಡೆಯ ಕಡೆ ನೋಡುತ್ತಾ ಎರಡು ನಿಮಿಷ ಹಾಗೇ ಹಿಡಿದ. ರಟ್ಟೆ ನಡುಗಿತು. ಎರಡು ನಿಮಿಷ ಎಷ್ಟು ಉದ್ದ ಎಂಬುದು ಆಗ ಅವನಿಗೆ ತಿಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಕಟ್ಟೆಯಿಂದ ಇಳಿದಿತ್ತು. ಅವರು ಒಣಗಿದ ವಿಭೂತಿಯನ್ನು ಒಂದೊಂದಾಗಿ ಬಿದಿರಿನ ಬುಟ್ಟಿಗೆ ತುಂಬತೊಡಗಿದರು.

ಮಡಿವಾಳಯ್ಯ ಕೇಳಿದ: “ಆ ಕುರುಬ ಮತ್ತೆ ಬಂದನೇ ಗುರುಗಳೇ?”

ಗುರುಗಳು ಬುಟ್ಟಿ ಎತ್ತಿಕೊಂಡು ಎದ್ದರು. ಮಡಿವಾಳಯ್ಯನ ಕೋಣೆಯ ತೆರೆದ ಬಾಗಿಲನ್ನೂ, ಅದರ ಹೊಸ್ತಿಲಿನ ಹೊರಗೆ ಯಾರೋ ಕೂತು ಕೂತು ನುಣುಪಾಗಿದ್ದ ಕಲ್ಲನ್ನೂ ಒಮ್ಮೆ ನೋಡಿದರು.

“ಹನ್ನೊಂದು ವರ್ಷ ನಿನ್ನ ಬೆನ್ನ ಹಿಂದೆ ಆ ಕಲ್ಲಿನ ಮೇಲೆ ಯಾರು ಕೂತಿದ್ದರು, ಮಡಿವಾಳಯ್ಯ?”